ಅಜ್ಜಿಯ ಜಾಮೀನು, ಕೆರೆಬಿಳಚಿಯ ಅಡಿಕೆ

ಅಪ್ಪ ನನ್ನನ್ನು ಕಾಲೇಜಿಗೆ ಕಳಿಸಲು ಒಪ್ಪಿದ್ದು ನಾನು ತೆಗೆದ ಅಂಕ ನೋಡಿ ಅಲ್ಲ. ಆ ಅಂಕ ನೋಡಿ ಯಾರೂ ಒಪ್ಪುವಂತಿರಲಿಲ್ಲ. ಅಜ್ಜಿ ಜಾಮೀನು ನಿಂತಳು, ಅದಕ್ಕೆ ಒಪ್ಪಿದ. ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಅಪ್ಪನ ಲೆಕ್ಕದಲ್ಲಿ ನಾನು ಅಲ್ಲಿ ಬೆಲ್ಲ ತೂಗಲಿಕ್ಕೆಂದೇ ಹುಟ್ಟಿದವನು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ಕಾಲದಲ್ಲಿ ನಮ್ಮ ಸಂಬಂಧಿಕರ ಹುಡುಗನೊಬ್ಬ ಹಾಸ್ಟೆಲ್ ಸೇರಿ, ಮೂರೇ ತಿಂಗಳಲ್ಲಿ ಕೊರಳ ಲಿಂಗ ತೆಗೆದು ಟ್ರಂಕಿನಲ್ಲಿಟ್ಟು, ಊರಿಗೆ ಬಂದಾಗ ಸ್ನಾನವನ್ನೂ ಮಾಡದೆ ಉಪ್ಪಿಟ್ಟು ತಿಂದಿದ್ದ. ಆ ಉಪ್ಪಿಟ್ಟು ಅಪ್ಪನ ತಲೆಯಿಂದ ಇಳಿದೇ ಇರಲಿಲ್ಲ.

"ಹಾಸ್ಟೆಲ್ಲಿಗೆ ಹೋದೋರು ಮೊದ್ಲು ಲಿಂಗ ಬಿಡ್ತಾರೆ, ಆಮೇಲೆ ಮನೆ ಬಿಡ್ತಾರೆ" ಅಂದ ಅಪ್ಪ. "ಇವನು ಪೂಜೆ ಬಿಟ್ಟ ಅಂತ ನನ್ನ ಕಿವಿಗೆ ಬಿದ್ದ ದಿನವೇ ಕರಕೊಂಡು ಬಂದು ಅಂಗಡಿಯಾಗೆ ಕುಂಡ್ರಿಸ್ತೀನಿ."

ಮೂಲೆಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜಿ ತಲೆ ಎತ್ತಿದಳು. "ಅವನು ಅಲ್ಲಿ ಪೂಜೆ ಇಲ್ದೆ ಉಂಡ ದಿನ ಇಲ್ಲಿ ನಾನು ಉಣ್ಣಾಕಿಲ್ಲ. ಸಾಕಾ?"

"ಅವನು ಅಲ್ಲಿ ಏನ್ ಮಾಡ್ತಾನೆ ಅಂತ ನಿನಗೆ ಹೆಂಗೆ ಗೊತ್ತಾಗ್ತೈತೆ?"

"ನನ್ನ ಮೊಮ್ಮಗ ನನಗೆ ಸುಳ್ಳು ಹೇಳಾಕಿಲ್ಲ" ಅಂದಳು. ಅಷ್ಟು ಹೊತ್ತಿಗೆ ನಾನು ಅವಳಿಗೆ ಹೇಳಿದ್ದ ಸುಳ್ಳುಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಅಟ್ಟ ಮುಟ್ಟುತ್ತಿತ್ತು.

ಹತ್ತಿರದ ದಾವಣಗೆರೆಗೆ ಅಪ್ಪ ಸುತಾರಾಂ ಒಪ್ಪಲಿಲ್ಲ. ಅಲ್ಲಿ ಟಾಕೀಸುಗಳು ಜಾಸ್ತಿ. ಹೊನ್ನಾಳಿ ಆದರೆ ಅಡ್ಡಿಯಿಲ್ಲ, ಹೊಳೆ ಇದೆ, ಬೆಳಿಗ್ಗೆ ಎದ್ದು ಸ್ನಾನ ಮಾಡಲು ಅನುಕೂಲ ಎಂದ. ನಾನು ಹೊನ್ನಾಳಿಯಲ್ಲಿದ್ದಷ್ಟು ದಿನ ಹೊಳೆಗೆ ಸ್ನಾನಕ್ಕೆ ಹೋದದ್ದು ಬೆರಳೆಣಿಕೆಯಷ್ಟು ಸಲ. ಅದೂ ಹಾಸ್ಟೆಲ್ ನಲ್ಲಿಯಲ್ಲಿ ನೀರು ನಿಂತಾಗ.

ಹೊರಡುವ ದಿನ ಅಜ್ಜಿ ನನ್ನ ಹಳೆಯ ಶಿವದಾರ ತೆಗೆಸಿ ಹೊಸದು ಹಾಕಿದಳು. ಅದಕ್ಕೆ ಹೊಸ ಬೆಳ್ಳಿಯ ಕರಡಿಗೆ. ಲಿಂಗ ಇಡುವ ಆ ಪುಟ್ಟ ಡಬ್ಬಿಯನ್ನು ಅವಳು ತನ್ನ ಕಾಲಿನ ಕಡಗ ಕರಗಿಸಿ ಮಾಡಿಸಿದ್ದಳು. "ನಿಮ್ಮಪ್ಪನ ಮುಂದೆ ನನ್ನ ಮಾನ ಉಳಿಸಲೇ" ಎಂದು ಕಿವಿಯಲ್ಲಿ ಹೇಳಿದಳು. ನಾನು ಉದಾರವಾಗಿ ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಯಾವತ್ತೂ ಜಿಪುಣತನ ಮಾಡಿದವನಲ್ಲ.

ಹಾಸ್ಟೆಲಿನಲ್ಲಿ ಎಲ್ಲ ಜಾತಿಯ, ಎಲ್ಲ ಕಡೆಯ ಹುಡುಗರಿದ್ದೆವು. ನನ್ನ ರೂಮಿನವನು ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯವನು, ಅಡಿಕೆ ತೋಟದ ಮನೆಯ ಹುಡುಗ. ಹದಿನೇಳನೆಯ ವಯಸ್ಸಿಗೇ ಅರವತ್ತರ ಮುದುಕರಂತೆ ದವಡೆಯಲ್ಲಿ ಅಡಿಕೆ ಇಟ್ಟುಕೊಂಡು ಪಾಠ ಕೇಳುತ್ತಿದ್ದ. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಬಾಯಿ ಬಿಡುವಂತಿರಲಿಲ್ಲ.

ಆ ಹಾಸ್ಟೆಲಿಗೆ ತನ್ನದೇ ಒಂದು ಸಂಪ್ರದಾಯವಿತ್ತು. ಅದರ ಹೆಸರು ಒತ್ತೆ. ಮೊದಲ ವರ್ಷದವರು ಯಾವುದಿಲ್ಲದೆ ತಮಗೆ ಒಂದು ದಿನವೂ ಕಳೆಯದೋ ಆ ಒಂದು ವಸ್ತುವನ್ನು ಸೀನಿಯರ್‌ಗಳ ತಗಡಿನ ಟ್ರಂಕಿಗೆ ಹಾಕಬೇಕು. ಹದಿನೈದು ದಿನ ಅದಿಲ್ಲದೆ ಬದುಕಿ ತೋರಿಸಬೇಕು. ಆಮೇಲೆ ಸ್ವಾಗತ ಸಮಾರಂಭದ ದಿನ ಎಲ್ಲರೆದುರು ಒಂದು ಹಾಡನ್ನೋ ಕೋಳಿಯ ಕೂಗನ್ನೋ ಒಪ್ಪಿಸಿ ಬಿಡಿಸಿಕೊಳ್ಳಬೇಕು. ಟ್ರಂಕಿಗೆ ಬಿದ್ದದ್ದು ನಡುವೆ ಹೊರಗೆ ಬರುವಂತಿಲ್ಲ. ಅದರ ಬೀಗದ ಕೈ ಇದ್ದದ್ದು ನ್ಯಾಮತಿ ಹತ್ತಿರದ ಗೋವಿನಕೋವಿಯವನೊಬ್ಬನ ಬಳಿ. ಎರಡನೇ ವರ್ಷದ ಬಿ.ಎ., ದಪ್ಪ ಮೀಸೆ, ದೊಡ್ಡ ಗಂಟಲು. ನಾವೆಲ್ಲ ಅವನನ್ನು ಅಣ್ಣ ಎಂದೇ ಕರೆಯಬೇಕಿತ್ತು.

ಒಂದು ಶನಿವಾರ ಸಂಜೆ ಎಲ್ಲರೂ ಸಾಲಾಗಿ ನಿಂತೆವು. ಒಬ್ಬ ಬಾಚಣಿಗೆ ಹಾಕಿದ. ಇನ್ನೊಬ್ಬ ತನ್ನ ತಾಯಿ ಕಟ್ಟಿಕೊಟ್ಟ ಹುಚ್ಚೆಳ್ಳು ಚಟ್ನಿಪುಡಿಯ ಡಬ್ಬಿ ಹಾಕಿ ಕಣ್ಣೀರು ಒರೆಸಿಕೊಂಡ. ಒಬ್ಬ ಮಹಾಶಯ ತಲೆದಿಂಬನ್ನೇ ತಂದಿದ್ದ. ನನ್ನ ರೂಮಿನವನು ಅಡಿಕೆ ಚೀಲ ಹಾಕಿದ. ಅದರಲ್ಲಿ ಅರ್ಧವನ್ನು ಮೊದಲೇ ತೆಗೆದು ಕಾಲುಚೀಲದಲ್ಲಿ ತುಂಬಿ ಚಾಪೆ ಕೆಳಗಿಟ್ಟಿದ್ದ ಎನ್ನುವುದು ನನಗೊಬ್ಬನಿಗೇ ಗೊತ್ತಿತ್ತು.

ನನ್ನ ಸರದಿ ಬಂತು. ನಾನು ಜೇಬಿನಲ್ಲಿದ್ದ ಪೆನ್ನು ಹಾಕಿ ಸುಮ್ಮನೆ ಹೋಗಬಹುದಿತ್ತು. ಆದರೆ ಕಾಲೇಜು ಸೇರಿ ಮೂರು ವಾರವಾಗಿತ್ತು, ನನಗೆ ಆಗಲೇ ಬುದ್ಧಿ ಬಂದುಬಿಟ್ಟಿತ್ತು! ದೇವರು ಇದ್ದಾನೋ ಇಲ್ಲವೋ ಎಂಬ ಚರ್ಚೆಯಲ್ಲಿ ಎರಡು ಸಲ ಗೆದ್ದಿದ್ದೆ, ಒಂದು ಸಲ ಇದ್ದಾನೆ ಎಂದು, ಇನ್ನೊಂದು ಸಲ ಇಲ್ಲ ಎಂದು. ಅಂಗಿಯ ಗುಂಡಿ ಬಿಚ್ಚಿ, ಶಿವದಾರ ಸಮೇತ ಕರಡಿಗೆ ತೆಗೆದು ಅಣ್ಣನ ಮುಂದೆ ಹಿಡಿದೆ.

"ಲೇ, ಇದು ಬೇಡ. ಬೇರೆ ಏನಾರ ಹಾಕು" ಅಂದ ಅಣ್ಣ. ಅವನ ದೊಡ್ಡ ಗಂಟಲು ಅರ್ಧಕ್ಕೆ ಇಳಿದಿತ್ತು.

"ಇಲ್ಲದಿದ್ರೆ ಒಂದು ದಿನಾನೂ ಕಳೆಯಾಕಿಲ್ಲ ಅನ್ನೋದನ್ನೇ ಅಲ್ವಾ ಕೇಳಿದ್ದು? ನಮ್ಮನೇಲಿ ಇದಿಲ್ದೆ ಊಟಾನೇ ಹಾಕಾಕಿಲ್ಲ. ಯಾಕಣ್ಣ, ಹೆದರಿಕೆನಾ?"

ಹೆದರಿಕೆನಾ ಎಂದು ಹತ್ತು ಜನರ ಮುಂದೆ ಕೇಳಿದ ಮೇಲೆ ಮೀಸೆ ಇರುವವನು ಏನು ಮಾಡಬೇಕು? ತೆಗೆದುಕೊಂಡ. ಹುಡುಗರು ಚಪ್ಪಾಳೆ ತಟ್ಟಿದರು. ನಾನು ಎದೆ ಮುಂದೆ ಮಾಡಿ ನಡೆದೆ. ಎದೆ ಯಾಕೋ ಖಾಲಿ ಖಾಲಿ ಅನ್ನಿಸುತ್ತಿತ್ತು, ಅದನ್ನು ಯಾರಿಗೂ ಹೇಳಲಿಲ್ಲ.

ಮರುದಿನ ಪೂಜೆಯಿಲ್ಲದೆ ತಿಂದ ಮೊದಲ ಉಪ್ಪಿಟ್ಟು ಗಂಟಲಲ್ಲಿ ಕೊಂಚ ನಿಂತು ಇಳಿಯಿತು. ಸೋಮವಾರ ಸಲೀಸಾಗಿ ಇಳಿಯಿತು. ಬುಧವಾರದ ಹೊತ್ತಿಗೆ ನಾನು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದೆ. ಅಲ್ಲಿ ಸೊಕ್ಕೆಯಲ್ಲಿ ಅಜ್ಜಿಯೂ ನನ್ನನ್ನು ನಂಬಿ ದಿನಾ ಉಣ್ಣುತ್ತಿದ್ದಳು. ಅದು ನೆನಪಿಗೆ ಬಂದಾಗಲೆಲ್ಲ ನಾನು ಬೇರೆ ಏನಾದರೂ ನೆನಪು ಮಾಡಿಕೊಳ್ಳುತ್ತಿದ್ದೆ.

ಮುಂದಿನ ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹಾಸ್ಟೆಲಿನ ಅಡುಗೆಯವರು ಬಂದು, "ನಿಮ್ಮಜ್ಜಿ ಬಂದವ್ರೆ ನೋಡು" ಅಂದರು. ನಾನು ನಗುತ್ತಾ, "ತಮಾಷೆ ಮಾಡಬೇಡ್ರಿ" ಅಂದೆ. ಕಿಟಕಿಯಲ್ಲಿ ಬಗ್ಗಿ ನೋಡಿದರೆ ಗೇಟಿನ ಹತ್ತಿರ ಅಜ್ಜಿ ಗಂಟು ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ನಿಂತಿದ್ದಾಳೆ! ಮುಂಜಾನೆಯೇ ಮನೆ ಬಿಟ್ಟು, ಜಗಳೂರಲ್ಲಿ ಒಂದು ಬಸ್ಸು, ದಾವಣಗೆರೆಯಲ್ಲಿ ಇನ್ನೊಂದು ಬಸ್ಸು ಹಿಡಿದು ಒಬ್ಬಳೇ ಬಂದಿದ್ದಳು.

"ಏನಜ್ಜಿ, ಹೇಳದೆ ಕೇಳದೆ?"

"ಹೇಳಾಕೆ ಏನೈತೆ? ಶೇಂಗಾ ಹೋಳಿಗೆ ಮಾಡಿದ್ದೆ, ಬಂದೆ. ಇನ್ನೂ ಒಂದು ತುತ್ತು ಬಾಯಿಗಿಟ್ಟಿಲ್ಲ ಕಣೋ. ನಿನ್ನ ಸಂಗಡ ಕುಂತು ಪೂಜೆ ಮಾಡಿ, ನಿನ್ನ ಸಂಗಡಾನೇ ಉಣ್ಣಬೇಕು ಅಂತ. ನಿಮ್ಮಪ್ಪನೂ ಅಂದ, ಹೋಗಿ ಕಣ್ಣಾರೆ ನೋಡ್ಕೊಂಡು ಬಾ ಅಂತ. ನಿಂದು ಪೂಜೆ ಆತೇನು?"

"ಇಲ್ಲ, ಇನ್ನು ಮೇಲೆ" ಅಂದೆ. ನಾನು ಆ ವಾರ ಹೇಳಿದ ನಿಜಗಳಲ್ಲಿ ಅದೂ ಒಂದು.

ಅವಳನ್ನು ನಮ್ಮ ರೂಮಿನಲ್ಲಿ ಕೂರಿಸಿ, ನೀರು ತರುತ್ತೇನೆಂದು ರೂಮಿನವನ ಕೈ ಹಿಡಿದು ಎಳೆದುಕೊಂಡು ಓಡಿದೆ. ಅಣ್ಣನ ರೂಮಿಗೆ ಹೋದರೆ ಅವನಿಲ್ಲ. ಶನಿವಾರವೇ ಗೋವಿನಕೋವಿಗೆ ಹೋಗಿದ್ದಾನೆ, ಬರುವುದು ನಾಳೆ. ಇನ್ನೇನು ಉಳಿಯಿತು? ಟ್ರಂಕಿನ ಹಿಂಬದಿಯ ತಿರುಪು ಬಿಚ್ಚಿ ಮುಚ್ಚಳ ಎತ್ತಿದೆವು. ಬಾಚಣಿಗೆ ಇತ್ತು. ಚಟ್ನಿಪುಡಿ ಇತ್ತು, ಅರ್ಧ ಖಾಲಿಯಾಗಿತ್ತು. ದಿಂಬು, ಅಡಿಕೆ ಚೀಲ ಎಲ್ಲ ಇದ್ದವು. ಕರಡಿಗೆ ಮಾತ್ರ ಇಲ್ಲ. ದಿಂಬಿನ ಹೊಲಿಗೆ ಬಿಚ್ಚಿ ಹತ್ತಿಯೊಳಗೂ ಕೈಯಾಡಿಸಿದೆ. ಇಲ್ಲವೇ ಇಲ್ಲ.

"ನಿಜ ಹೇಳಿಬಿಡು" ಅಂದ ರೂಮಿನವನು, ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ.

ಹೇಳುವುದು ಹೇಗೆ? ಹೇಳಿದರೆ ಅಪ್ಪ ಕರೆದುಕೊಂಡು ಹೋಗುತ್ತಾನೆ, ಅದು ಸರಿ. ಆದರೆ ಅದಕ್ಕಿಂತ ಮೊದಲು ಅಜ್ಜಿ ಆ ಗಂಟನ್ನು ಬಿಚ್ಚದೆ ಹಾಗೇ ಎತ್ತಿಕೊಂಡು ಹೊರಡುತ್ತಾಳೆ. ಬೆಳಗಿನಿಂದ ಹಸಿದವಳು ಹಸಿದೇ ಸೊಕ್ಕೆ ಮುಟ್ಟಬೇಕು. ನನಗೆ ಅಳು ಬಂತು. ಅತ್ತೇಬಿಟ್ಟೆ. ರೂಮಿನವನು ನನ್ನನ್ನೇ ನೋಡುತ್ತಿದ್ದವನು, ಬಾಯೊಳಗಿನ ಅಡಿಕೆಯನ್ನು ನಿಲ್ಲಿಸಿದ. ಅವನ ತಲೆ ಓಡುತ್ತಿದೆ ಎಂಬುದಕ್ಕೆ ಅದೊಂದೇ ಗುರುತು.

ಐದು ನಿಮಿಷದಲ್ಲಿ ಬಚ್ಚಲುಮನೆಯಲ್ಲಿ ನಮ್ಮ ಕಾರ್ಖಾನೆ ಶುರುವಾಯಿತು. ಅವನು ಕಾಲುಚೀಲದಿಂದ ಗುಂಡಗೆ ನುಣ್ಣಗಿದ್ದ ಒಂದು ಇಡೀ ಅಡಿಕೆ ಆರಿಸಿದ. ಲಾಟೀನಿನ ಗಾಜಿನಿಂದ ಮಸಿ ಕೆರೆದೆವು, ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಬಳಿದೆವು. ನಿಜವಾದ ಲಿಂಗವೂ ಹೀಗೇ ಕಪ್ಪು ಲೇಪದ್ದು, ಇಷ್ಟೇ ಗಾತ್ರದ್ದು. ಎರಡು ಮಾರು ದೂರದಿಂದ ನೋಡಿದರೆ ಪರವಾಗಿಲ್ಲ ಅನ್ನುವ ಹಾಗಾಯಿತು. "ಒಳ್ಳೇ ಮಾಲು ಕಣೋ, ಹಾಳು ಮಾಡಿದೆ" ಎಂದು ಅವನು ನಿಟ್ಟುಸಿರು ಬಿಟ್ಟ. ಬಿಳಿ ಕರವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ತಲೆಗೆ ನೀರು ಸುರಿದುಕೊಂಡು ಬಂದೆ.

ಅಜ್ಜಿಯ ಕಣ್ಣು ನೇರ ಕರವಸ್ತ್ರಕ್ಕೆ ಹೋಯಿತು. "ಕರಡಿಗೆ ಎಲ್ಲೋ?"

"ಬೆಳ್ಳಿ ಅಲ್ವಾ ಅಜ್ಜಿ. ಹಾಸ್ಟೆಲ್ಲಾಗೆ ಯಾರಾನ ಹೊಡೀತಾರೆ ಅಂತ ಭದ್ರ ಮಾಡಿಟ್ಟೀನಿ."

"ಶಾಣ್ಯಾ ಇದ್ದೀಯ" ಅಂದಳು.

ಅವಳು ತಂಬಿಗೆ, ವಿಭೂತಿ, ಎರಡು ಎಸಳು ಪತ್ರೆ ಎಲ್ಲ ಮನೆಯಿಂದಲೇ ತಂದಿದ್ದಳು. ಇಬ್ಬರೂ ಎದುರುಬದುರು ಕೂತೆವು. ಅವಳ ಎಡ ಅಂಗೈಯಲ್ಲಿ ಅವಳ ಲಿಂಗ, ನನ್ನ ಎಡ ಅಂಗೈಯಲ್ಲಿ ಕೆರೆಬಿಳಚಿಯ ಅಡಿಕೆ. ನಮ್ಮಲ್ಲಿ ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವ ಪದ್ಧತಿಯಿಲ್ಲ, ನನ್ನ ಪುಣ್ಯ. ಬಾಗಿಲ ಹತ್ತಿರ ರೂಮಿನವನು ಕೈ ಕಟ್ಟಿ ನಿಂತಿದ್ದ, ಮುಖದಲ್ಲಿ ಅಪಾರ ಭಕ್ತಿ. ನಾನು ಕಣ್ಣು ಮುಚ್ಚಿದೆ. ಊರಿನಲ್ಲಿ ನನ್ನ ಪೂಜೆ ಮುಗಿಯಲು ಒಂದು ನಿಮಿಷ ಸಾಕಿತ್ತು. ಅದರಲ್ಲೂ ಅರ್ಧ ನಿಮಿಷ ಅವ್ವ ರೊಟ್ಟಿಗೆ ಏನು ಪಲ್ಯ ಮಾಡಿದ್ದಾಳೆ ಎಂದು ಮೂಗಿನಲ್ಲೇ ಪತ್ತೆ ಮಾಡುವುದರಲ್ಲಿ ಹೋಗುತ್ತಿತ್ತು. ಅವತ್ತು ಹಾಗಲ್ಲ. ಶಿವನೇ, ಇದು ಜಾರಿ ಬೀಳದಿರಲಿ. ಶಿವನೇ, ಈ ಮುದುಕಿಗೆ ಗೊತ್ತಾಗದಿರಲಿ. ಶಿವನೇ, ಅವಳು ಉಣ್ಣಲಿ. ಕೈ ನಡುಗುತ್ತಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು. ಯಾವ ಸ್ವಾಮಿಗಳ ಎದುರೂ ನಾನು ಅಷ್ಟು ಆಳವಾಗಿ ಬೇಡಿಕೊಂಡಿರಲಿಲ್ಲ.

ನೀರೆರೆದದ್ದೇ ಅನಾಹುತ ಶುರುವಾಯಿತು. ಮಸಿ ಬಿಟ್ಟುಕೊಂಡಿತು. ಕಪ್ಪು ನೀರು ಅಂಗೈಯಲ್ಲಿ ನಿಂತು, ಬೆರಳ ಸಂದಿಯಿಂದ ಇಳಿದು, ಮೊಣಕೈವರೆಗೆ ಗೆರೆ ಎಳೆಯಿತು. ಕಣ್ಣು ತೆರೆದು ಅಜ್ಜಿಯ ಕಡೆ ನೋಡಿದೆ. ಅವಳ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ತುಟಿ ಬಿಗಿದಿತ್ತು. ಧ್ಯಾನದಲ್ಲಿದ್ದಾಳೆ ಎಂದುಕೊಂಡೆ. ಆ ಧ್ಯಾನ ಎಂದಿಗಿಂತ ಬಹಳ ಹೊತ್ತು ನಡೆಯಿತು.

"ತೀರ್ಥ ತಗಾ" ಅಂದಳು ಕೊನೆಗೆ, ಕಣ್ಣು ತೆರೆಯದೆ.

ಲಿಂಗಕ್ಕೆ ಎರೆದ ನೀರನ್ನು ನಾವು ತೀರ್ಥವೆಂದು ಕುಡಿಯುತ್ತೇವೆ. ಕುಡಿದೆ. ಸೀಮೆಎಣ್ಣೆಯ ಹೊಗೆ, ಕೊಬ್ಬರಿ ಎಣ್ಣೆ, ಅಡಿಕೆಯ ಒಗರು, ಮೂರೂ ಒಟ್ಟಿಗೆ ನಾಲಿಗೆಗೆ ಅಂಟಿದವು. ಬಾಗಿಲ ಬಳಿಯಿದ್ದ ರೂಮಿನವನು ಕೆಮ್ಮು ಬಂದು ಹೊರಗೆ ಓಡಿದ. ಅವನ ಕೆಮ್ಮು ವರಾಂಡಾ ತುದಿಯವರೆಗೂ ಕೇಳುತ್ತಿತ್ತು, ಮತ್ತು ಅದು ಕೆಮ್ಮಾಗಿರಲಿಲ್ಲ.

ಅಜ್ಜಿ ಎದ್ದು ಗಂಟು ಬಿಚ್ಚಿದಳು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ. ನನಗೆ ಬಡಿಸಿದಳು, ಕೆಮ್ಮಿ ಬಂದವನಿಗೂ ಬಡಿಸಿದಳು. ತಾನು ಒಂದು ತುತ್ತು ಮುರಿದು ಕೈಯಲ್ಲಿ ಹಿಡಿದು ನನ್ನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಉಂಡಳು. ಎರಡು ರೊಟ್ಟಿ ಉಂಡಳು. ಗೆದ್ದೆ ಎಂದುಕೊಂಡೆ ನಾನು! ನನ್ನಂಥ ಜಾಣ ಜಗಳೂರು ತಾಲ್ಲೂಕಿನಲ್ಲೇ ಇಲ್ಲ ಎಂದುಕೊಂಡು ನಾಲ್ಕನೇ ಹೋಳಿಗೆಗೆ ಕೈ ಹಾಕಿದೆ.

ಮಧ್ಯಾಹ್ನ ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ದಾವಣಗೆರೆಯ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲು ಬೆಂಚಿನ ಮೇಲೆ ಕೂತು ಎಲೆಯ ತೊಟ್ಟು ಮುರಿಯುತ್ತಾ ಅಜ್ಜಿ ಕೈ ಚಾಚಿದಳು.

"ಆ ಅಡಿಕೆ ಕೊಡು."

"ಯಾವ ಅಡಿಕೆ?"

"ಕೊರಳಾಗೆ ಕಟ್ಕೊಂಡಿದ್ದೀಯಲ್ಲ, ಅದು."

ಬಿಚ್ಚಿ ಕೊಟ್ಟೆ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ, ಮೂಸಿ ನೋಡಿ, ಸೆರಗಿನ ತುದಿಯಲ್ಲಿ ಒರೆಸಿದಳು. "ಅಡಿಕೆ ಜಾತಿ ಚಲೋ ಐತೆ. ನಿಂದು ಎಲ್ಲಿ?"

ಎಲ್ಲ ಹೇಳಿದೆ. ಒತ್ತೆ, ಟ್ರಂಕು, ಚಪ್ಪಾಳೆ, ಒಂದೂ ಬಿಡಲಿಲ್ಲ. ಕಾಣೆಯಾಗಿದೆ ಎಂಬುದನ್ನು ಹೇಳುವಾಗ ಮಾತ್ರ ದನಿ ಒಡೆಯಿತು. ಅವಳ ಕಾಲಿನ ಕಡಗ ಕರಗಿಸಿ ಮಾಡಿಸಿದ್ದು ಅದು. ಅವಳು ಬಯ್ಯಲಿಲ್ಲ.

"ಎಷ್ಟು ದಿನ ಆತು?"

"ಏಳು."

ಬೆರಳ ಗೆಣ್ಣುಗಳ ಮೇಲೆ ಏನನ್ನೋ ಎಣಿಸಿಕೊಂಡಳು. ಬಸ್ಸಿನ ಹೊತ್ತು ಲೆಕ್ಕ ಹಾಕುತ್ತಿರಬೇಕು ಅಂದುಕೊಂಡೆ.

"ಅಪ್ಪಂಗೆ ಏನ್ ಹೇಳ್ತೀ ಅಜ್ಜಿ?"

"ಕಂಡಿದ್ದು ಹೇಳ್ತೀನಿ. ಮೊಮ್ಮಗ ನನ್ನೆದುರಿಗೇ ಕುಂತು ಪೂಜೆ ಮಾಡಿದ, ತೀರ್ಥ ತಗೊಂಡ. ಸುಳ್ಳೇನು ಅದರಾಗೆ?" ಅವಳ ಕೆನ್ನೆ ಅದುರಿತು. ಅಷ್ಟು ಹೊತ್ತು ತಡೆದಿದ್ದ ನಗು ಬಂದೇಬಿಟ್ಟಿತು. ಎಲೆ ಹಿಡಿದ ಕೈಯಿಂದಲೇ ಕಣ್ಣು ಒರೆಸಿಕೊಂಡಳು. "ಊರಾಗೆ ಏಳೆಂಟು ವರ್ಷದಿಂದ ನಿನ್ನ ಪೂಜೆ ನೋಡೀನಿ ಕಣೋ. ಕಳ್ಳ ಬೆಕ್ಕಿನಂಗೆ ಒಂದು ಕಣ್ಣು ಅಡುಗೆಮನೆ ಕಡೆಗೇ. ಇವತ್ತು ಕುಂತಂಗೆ ಒಂದಿನಾನೂ ಕುಂತಿಲ್ಲ. ಅಡಿಕೆಗಾದ್ರೂ ಹೆದರಿದೆಯಲ್ಲ!"

ಬಸ್ಸು ಬಂತು. ಅಡಿಕೆಯನ್ನು ಎಲೆಚೀಲಕ್ಕೆ ಹಾಕಿಕೊಳ್ಳದೆ, ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿ ಹೋದಳು.

ಸೋಮವಾರ ಬೆಳಿಗ್ಗೆ ಗೋವಿನಕೋವಿಯ ಅಣ್ಣ ಬಂದವನೇ ನನ್ನನ್ನು ಮೂಲೆಗೆ ಕರೆದು, ಅಂಗಿಯ ಒಳಜೇಬಿನಿಂದ ಕರಡಿಗೆ ತೆಗೆದ. ಅದರ ಮೇಲೆ ಒಣಗಿದ ಕಣಗಿಲೆ ಹೂ, ಪದರ ಪದರ ವಿಭೂತಿ.

"ತಗೊಂಡು ಹೋಗಲೇ ಮಾರಾಯ, ನಿನ್ನ ದಮ್ಮಯ್ಯ" ಅಂದ. "ಹೊತ್ತು ಹೊತ್ತಿಗೆ ಪೂಜೆ ಇಲ್ದೆ ಟ್ರಂಕಿನಾಗೆ ಬಿದ್ದೈತಲ್ಲ ಅಂತ ನಿದ್ದೆ ಬರಾಕಿಲ್ಲ. ಬಿಚ್ಚಂಗಿಲ್ಲ, ಬಿಡಂಗಿಲ್ಲ. ದಿನಾ ಡಬ್ಬಿಗೇ ಹೂ ಏರಿಸೀನಿ. ಶನಿವಾರ ಬಿಟ್ಟು ಹೋಗಾಕೆ ಮನಸ್ಸಾಗದೆ ಊರಿಗೂ ಒಯ್ದೆ. ನಮ್ಮವ್ವ ನೋಡಿ ಯಾರದ್ದೋ ಇದು, ಎಲ್ಲಿ ಕದ್ದೆ ಅಂತ ಸೌಟು ತಗೊಂಡು ಬಂದ್ಲು." ದಪ್ಪ ಮೀಸೆಯ ಕೆಳಗೆ ಅವನ ತುಟಿ ನಡುಗುತ್ತಿತ್ತು. "ಇದನ್ನ ಯಾರಿಗೂ ಹೇಳಬೇಡ."

ಹೇಳಲಿಲ್ಲ. ಸ್ವಾಗತ ಸಮಾರಂಭದ ದಿನ ಅಣ್ಣ ನನ್ನ ಹೆಸರು ಕೂಗಿದ, ನಾನು ಕೋಳಿಯ ಹಾಗೆ ಕೂಗಿದೆ. ಬಿಡಿಸಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ ಎನ್ನುವುದು ನಮಗಿಬ್ಬರಿಗೆ, ಹೆಚ್ಚೆಂದರೆ ನನ್ನ ರೂಮಿನವನಿಗೆ ಮಾತ್ರ ಗೊತ್ತಿತ್ತು. ದಿಂಬಿನವನು ಮಾತ್ರ ತನ್ನ ಹತ್ತಿ ಯಾಕೆ ಹೊರಗೆ ಬಂದಿದೆ ಎಂದು ಬಹಳ ದಿನ ಎಲ್ಲರನ್ನೂ ಕೇಳುತ್ತಿದ್ದ.

ದಸರಾ ರಜೆಗೆ ಸೊಕ್ಕೆಗೆ ಹೋದೆ. ಅಪ್ಪ ಅಂಗಡಿಯಿಂದಲೇ ನನ್ನನ್ನು ನೋಡಿ, ಅಪರೂಪಕ್ಕೆ, "ಬಾ" ಅಂದ. ಬಂದವನೇ ಹಸಿವು ಹಸಿವು ಎಂದು ಅಡುಗೆಮನೆಗೆ ನುಗ್ಗಿ ಮಣೆ ಮೇಲೆ ಕೂತೆ. ಅವ್ವ ಬಿಸಿ ರೊಟ್ಟಿ ಹಾಕುತ್ತಾ ಅಜ್ಜಿಯ ಮೇಲೆ ದೂರು ಶುರು ಮಾಡಿದಳು.

"ಇನ್ನೊಂದು ಸಲ ನಿಮ್ಮಜ್ಜಿಯನ್ನ ಅಲ್ಲಿಗೆ ಕರೆಸ್ಕೋಬೇಡಪ್ಪ. ಹಾಸ್ಟೆಲ್ ನೀರು ಹತ್ತಲಿಲ್ಲ, ಹೊಟ್ಟೆ ಕೆಟ್ಟೈತೆ ಅಂತ ವಾಪಸ್ ಬಂದ್ಮೇಲೆ ಊಟಾನೇ ಬಿಟ್ಟಿದ್ರು. ದಿನಕ್ಕೊಂದು ಲೋಟ ಹಾಲು, ಒಂದು ಬಾಳೆಹಣ್ಣು. ನಾನು ಎಷ್ಟು ಬೇಡ್ಕೊಂಡ್ರೂ ಕೇಳಲಿಲ್ಲ. ಎಂಟು ದಿನ ಕಣೋ, ಎಂಟು ದಿನ!"

ರೊಟ್ಟಿ ಮುರಿದ ಕೈ ಅಲ್ಲೇ ನಿಂತಿತು. ಬಸ್‌ಸ್ಟ್ಯಾಂಡಿನಲ್ಲಿ ಅವಳು ಗೆಣ್ಣುಗಳ ಮೇಲೆ ಎಣಿಸಿದ್ದು ಏನೆಂದು ಆಗ ತಿಳಿಯಿತು. ನಾನು ಪೂಜೆಯಿಲ್ಲದೆ ಉಂಡ ದಿನ ತಾನು ಉಣ್ಣುವುದಿಲ್ಲ ಎಂದು ಜಾಮೀನು ನಿಂತವಳು. ಗೊತ್ತಿಲ್ಲದೆ ಉಂಡುಬಿಟ್ಟಿದ್ದ ಆ ದಿನಗಳನ್ನು ಹಿಂದಕ್ಕೆ ಕೊಟ್ಟಿದ್ದಳು.

ಪಡಸಾಲೆಗೆ ಹೋದೆ. ಅಜ್ಜಿ ಎಲೆಚೀಲ ಬಿಚ್ಚಿಕೊಂಡು ಕೂತಿದ್ದಳು. ಪಕ್ಕದ ಗೂಡಿನಲ್ಲಿ ಅವಳ ವಿಭೂತಿಯ ಬಟ್ಟಲಿತ್ತು, ಅದರ ಹತ್ತಿರವೇ ಮಸಿ ಮೆತ್ತಿದ ಒಂದು ಅಡಿಕೆ.

"ನಾನು ಹೇಳಿದ್ದು ಏಳು ಅಲ್ವಾ ಅಜ್ಜಿ? ಎಂಟು ಯಾಕೆ?"

ಅವಳು ಬಾಗಿಲ ಕಡೆ ನೋಡಿ, ಅಪ್ಪನಿಗೆ ಕೇಳಿಸುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಹೇಳಿದಳು. "ಏಳು ದಿನ ಗೊತ್ತಿಲ್ದೆ ಉಂಡೆ. ಎಂಟನೇದು ಗೊತ್ತಿದ್ದೂ ಉಂಡೆ. ನೀನು ಹಂಗೆ ನಡುಗ್ತಾ ಕುಂತಿದ್ದೆ. ನಾನು ಉಣ್ಣದೆ ಎದ್ದಿದ್ರೆ ನಿನ್ನ ಗಂಟಲಾಗೆ ಇಳೀತಿತ್ತೇನೋ?"

ದೇವರಿದ್ದಾನೋ ಇಲ್ಲವೋ ಎಂದು ಎರಡೂ ಕಡೆ ವಾದಿಸಿ ಗೆದ್ದ ನಾನು ತಿರುಗಿ ಬಚ್ಚಲುಮನೆಯ ಕಡೆ ನಡೆದೆ.

"ಯಾಕೋ, ರೊಟ್ಟಿ ಆರೋಗ್ತೈತೆ!" ಎಂದು ಅವ್ವ ಒಳಗಿನಿಂದ ಕೂಗಿದಳು.

"ಪೂಜೆ ಆಗಿಲ್ಲ ಕಣವ್ವ" ಅಂದೆ.

ಅಜ್ಜಿ ಗೂಡಿಗೆ ಕೈ ಚಾಚಿದಳು. "ಅಡಿಕೆ ಬೇಕೇನೋ?"